ಬೆದೆಗೆ ಬಂದಿದೆ ಸರಿ, ತಾಯಾಗೋಕೆ ಸಿದ್ಧವಾಗಿದೆಯಾ? ಕುದುರೆ ಸಾಕುವವರಿಗೆ ಒಂದು ಮಾತು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಉಳಿಸಿಕೊಂಡು, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಇಲ್ಲಿ ಸಾಮಾನ್ಯವಾಗಿ ಹಸು, ಎಮ್ಮೆ, ಕುರಿ ವಿಷಯವೇ ಮಾತಾಡ್ತೀವಿ. ಕೇಳೋರ ಕೊಟ್ಟಿಗೆಯಲ್ಲಿ ಇರೋದೂ ಅವೇ. ಆದರೆ ಹೋದ ವಾರ ಮದ್ದೂರು ಕಡೆಯಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು. ಅವರು ಕೇಳಿದ್ದು ಕುದುರೆ ಬಗ್ಗೆ.

"ಡಾಕ್ಟ್ರೇ, ನಮ್ದು ಮದ್ವೆ ಮೆರವಣಿಗೆಗೆ ಕುದ್ರೆ ಕಳ್ಸೋ ಕೆಲ್ಸ. ಮನೇಲಿ ಒಂದು ಹೆಣ್ಣು ಮರಿ ಅದೆ. ಒಂದೂವರೆ ವರ್ಷ ಆಯ್ತು. ಚೆನ್ನಾಗಿ ಎತ್ತರ ಬೆಳ್ದದೆ, ಎರಡು ಸಲ ಬೆದೆಗೂ ಬಂತು. ನಮ್ಮ ನೆಂಟ್ರ ಹತ್ರ ಒಂದು ಒಳ್ಳೆ ಬೀಜದ ಕುದ್ರೆ ಅದೆ. ಈ ತಿಂಗ್ಳೇ ಕೊಡುಸ್ಬುಡ್ಲಾ?"

ನನ್ನ ಉತ್ತರ ಚಿಕ್ಕದು: ಬೇಡ. ಇನ್ನು ಎರಡು ವರ್ಷ ತಡೀರಿ. ಯಾಕೆ ಅನ್ನೋದನ್ನು ಹೇಳೋಕೆ ಮಾತ್ರ ಈ ಇಡೀ ಸಂಚಿಕೆ ಬೇಕು. ಈ 'ಬೆದೆಗೆ ಬಂತು, ಕೊಡುಸ್ಬುಡ್ಲಾ' ಅನ್ನೋ ಪ್ರಶ್ನೆ ಕುದುರೆಯೊಂದರದ್ದೇ ಅಲ್ಲ. ಹಸು ಕಟ್ಟಿರೋರೂ ಕುರಿ ಮೇಯಿಸೋರೂ ಇದೇ ಪ್ರಶ್ನೆ ಕೇಳ್ತಾರೆ. ಒಂದು ಸಲ ನಾನೇ ಇದಕ್ಕೆ ತಪ್ಪು ಉತ್ತರ ಕೊಟ್ಟಿದ್ದೆ. ಅದನ್ನೂ ಇವತ್ತು ಹೇಳ್ತೀನಿ.

ಬೆದೆ ಅಂದರೆ ಏನು ಹೇಳುತ್ತೆ?

ಹೆಣ್ಣು ಕುದುರೆ ಸಾಮಾನ್ಯವಾಗಿ 12ರಿಂದ 18 ತಿಂಗಳ ನಡುವೆ ಮೊದಲ ಸಲ ಬೆದೆಗೆ ಬರುತ್ತೆ. ಮೇವು ಚೆನ್ನಾಗಿದ್ದರೆ ಇನ್ನೂ ಸ್ವಲ್ಪ ಮೊದಲೇ ಬರಬಹುದು, ಸೊರಗಿದ ಮರಿಯಾದರೆ ಎರಡು ವರ್ಷದ ತನಕ ತಡವಾಗಬಹುದು. ಆಮೇಲೆ ಸುಮಾರು 21 ದಿನಕ್ಕೊಮ್ಮೆ ಬೆದೆ ಮರಳುತ್ತೆ. ಹಸುವಿನ ಬೆದೆ ಒಂದು ದಿನದೊಳಗೆ ಮುಗಿದುಹೋದರೆ, ಕುದುರೆಯದ್ದು ಐದಾರು ದಿನ ನಡೆಯುತ್ತೆ. ಬಾಲ ಎತ್ತೋದು, ಪದೇ ಪದೇ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯೋದು, ಗಂಡು ಹತ್ತಿರ ಬಂದರೆ ಹಿಂಗಾಲು ಅಗಲಿಸಿ ನಿಲ್ಲೋದು, ಇವೆಲ್ಲ ಬೆದೆಯ ಲಕ್ಷಣ. ಬೆದೆ ಇಲ್ಲದಾಗ ಅದೇ ಕುದುರೆ ಕಿವಿ ಹಿಂದಕ್ಕೆ ಮಡಚಿ ಗಂಡಿಗೆ ಒದೆಯುತ್ತೆ.

ಬೆದೆ ವರ್ಷಪೂರ್ತಿ ಒಂದೇ ಸಮ ಬರೋದಿಲ್ಲ. ಹಗಲು ಉದ್ದವಾಗುವ ಕಾಲದಲ್ಲಿ ಕುದುರೆಗೆ ಬೆದೆ ಚುರುಕಾಗುತ್ತೆ, ಚಳಿಗಾಲದಲ್ಲಿ ಮಂದವಾಗುತ್ತೆ ಅಥವಾ ನಿಂತೇಹೋಗುತ್ತೆ. ನಮ್ಮ ಮಂಡ್ಯದ ಕಡೆ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ಹಾಗಾಗಿ ಇಲ್ಲಿ ಈ ಏರಿಳಿತ ಚಳಿ ದೇಶಗಳಷ್ಟು ಎದ್ದು ಕಾಣೋದಿಲ್ಲ.

ಈಗ ಮುಖ್ಯ ವಿಷಯ. ಬೆದೆ ಹೇಳೋದು ಒಂದೇ ಮಾತು: ಅಂಡಾಶಯ ಕೆಲಸ ಶುರು ಮಾಡಿದೆ. ಸೊಂಟದ ಮೂಳೆ ಅಗಲವಾಗಿದೆಯಾ, ಬೆನ್ನುಮೂಳೆ ಗಟ್ಟಿಯಾಗಿದೆಯಾ, ಹೊಟ್ಟೆಯೊಳಗಿನ ಮರಿಗೂ ತನ್ನ ಮೈಗೂ ಸಾಲುವಷ್ಟು ಶಕ್ತಿ ಇದೆಯಾ ಅನ್ನೋದರ ಬಗ್ಗೆ ಬೆದೆ ಏನೂ ಹೇಳೋದಿಲ್ಲ.

ಎತ್ತರ ನೋಡಿ ಮೋಸ ಹೋಗಬೇಡಿ

ಮದ್ದೂರಿನವರು 'ಚೆನ್ನಾಗಿ ಎತ್ತರ ಬೆಳ್ದದೆ' ಅಂದರಲ್ಲ, ಅದು ನಿಜ. ಕುದುರೆ ಬೆಳೆಯೋ ರೀತಿಯೇ ಹಾಗೆ. ಒಂದು ವರ್ಷಕ್ಕೆ ಮರಿ ತನ್ನ ಪೂರ್ತಿ ಎತ್ತರದ ಸುಮಾರು ಶೇ. 90ರಷ್ಟು ಬೆಳೆದಿರುತ್ತೆ. ಆದರೆ ತೂಕ ಇನ್ನೂ ಮೂರರಲ್ಲಿ ಎರಡು ಪಾಲಿನ ಆಸುಪಾಸು. ಅಂದರೆ ಕಾಲು ಬೆಳೆದಿದೆ, ಮೈ ತುಂಬಿಲ್ಲ. ದೂರದಿಂದ ನೋಡಿದರೆ ದೊಡ್ಡ ಕುದುರೆ ಅನ್ನಿಸುತ್ತೆ. ಹತ್ತಿರ ಹೋಗಿ ಎದೆ, ಸೊಂಟ ನೋಡಿದರೆ ಇನ್ನೂ ಮರಿ.

ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಮೆತ್ತನೆಯ ಪದರ ಇರುತ್ತೆ. ಅದು ಗಟ್ಟಿಯಾದರೆ ಆ ಮೂಳೆಯ ಬೆಳವಣಿಗೆ ಮುಗಿದ ಹಾಗೆ. ಕುದುರೆಯಲ್ಲಿ ಗೊರಸಿನ ಹತ್ತಿರದ ಮೂಳೆಗಳು ಮೊದಲ ವರ್ಷವೇ ಗಟ್ಟಿಯಾಗುತ್ತವೆ. ಮುಂಗಾಲಿನ ಮಂಡಿಯ ಮೇಲಿನ ಮೂಳೆಗೆ ಎರಡು, ಎರಡೂವರೆ ವರ್ಷ ಬೇಕು. ಕೊನೆಗೆ ಬರೋದು ಬೆನ್ನುಮೂಳೆ. ಅದು ಪೂರ್ತಿ ಬಲಿಯೋಕೆ ಐದು ವರ್ಷ ದಾಟುತ್ತೆ. ಬಸುರಿನ ಭಾರ ನೇತಾಡೋದು ಅದೇ ಬೆನ್ನುಮೂಳೆಗೆ.

ಕುದುರೆಯ ಗಬ್ಬ ಸುಮಾರು 340 ದಿನ, ಅಂದರೆ ಹನ್ನೊಂದು ತಿಂಗಳು. ಕೊನೆಯ ಮೂರು ತಿಂಗಳಲ್ಲಿ ಮರಿ ಬಹಳ ಬೇಗ ಬೆಳೆಯುತ್ತೆ. ಒಂದೂವರೆ ವರ್ಷದ ಕುದುರೆಗೆ ಈಗ ಗಂಡು ಕೊಡಿಸಿದರೆ ಎರಡೂವರೆ ವರ್ಷದ ಹೊತ್ತಿಗೆ ಅದು ಈಯಬೇಕು. ಆ ಸಮಯದಲ್ಲಿ ತಾಯಿಯ ಮೈಯೂ ಬೆಳೆಯಬೇಕು, ಹೊಟ್ಟೆಯ ಮರಿಯೂ ಬೆಳೆಯಬೇಕು. ಒಂದು ಬಕೆಟ್ ಹುರುಳಿಯಲ್ಲಿ ಎರಡು ಬೆಳವಣಿಗೆ. ಸಾಲದೆ ಬಂದಾಗ ತಾಯಿ ಕುಳ್ಳಾಗಿ ಉಳಿಯುತ್ತೆ, ಅಥವಾ ಮರಿ ಬಡಕಲಾಗುತ್ತೆ, ಕೆಲವೊಮ್ಮೆ ಎರಡೂ ಆಗುತ್ತೆ.

ಈಯುವಾಗ ಸಮಯ ಇರೋದಿಲ್ಲ

ಹಸು ಈಯೋದು ನಿಮಗೆ ಗೊತ್ತು. ನೀರಿನ ಚೀಲ ಒಡೆದ ಮೇಲೂ ಒಂದೆರಡು ಗಂಟೆ ತಗೊಳ್ಳಬಹುದು. ಡಾಕ್ಟರಿಗೆ ಫೋನ್ ಮಾಡಿ, ಅವರು ಬಂದು, ಕೈ ಹಾಕಿ ನೋಡೋಕೆ ಅವಕಾಶ ಇರುತ್ತೆ. ಕುದುರೆಯಲ್ಲಿ ಹಾಗಲ್ಲ. ನೀರು ಒಡೆದ ಮೇಲೆ 20ರಿಂದ 30 ನಿಮಿಷದೊಳಗೆ ಮರಿ ಹೊರಗೆ ಬರಬೇಕು. ಅರ್ಧ ಗಂಟೆ ದಾಟಿತು ಅಂದರೆ ಮರಿಯ ಪ್ರಾಣದ ಆಸೆ ಕಮ್ಮಿ, ತಾಯಿಗೂ ಅಪಾಯ. ಅದೂ ಕುದುರೆ ಹೆಚ್ಚಾಗಿ ಈಯೋದು ರಾತ್ರಿ ಹೊತ್ತು, ಯಾರೂ ಇಲ್ಲದಾಗ.

ಹುಟ್ಟೋ ಮರಿಯ ಕಾಲುಗಳು ಆಗಲೇ ಬಹಳ ಉದ್ದ. ಸೊಂಟ ಬಲಿಯದ ತಾಯಿಯಿಂದ ಆ ಕಾಲು, ತಲೆ, ಭುಜ ಸಲೀಸಾಗಿ ಜಾರಿ ಬರಬೇಕು. ಸಿಕ್ಕಿಹಾಕಿಕೊಂಡರೆ? ಹಳ್ಳಿಯಲ್ಲಿ ರಾತ್ರಿ ಎರಡು ಗಂಟೆಗೆ, ಕುದುರೆ ಹೆರಿಗೆ ಮಾಡಿಸಿ ಅನುಭವ ಇರುವ ಡಾಕ್ಟರು ಅರ್ಧ ಗಂಟೆಯೊಳಗೆ ಬಂದು ನಿಲ್ಲೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಹಾಗಾಗಿ ಕುದುರೆ ಹೆರಿಗೆಯ ಅಪಾಯವನ್ನು ತಪ್ಪಿಸಬೇಕಾದ್ದು ಗಂಡು ಕೊಡಿಸೋ ಮೊದಲೇ.

ಕುಣಿಗಲ್‌ನಲ್ಲಿ ನೋಡಿದ್ದು

ಮದ್ದೂರಿನಿಂದ ಹುಲಿಯೂರುದುರ್ಗದ ರಸ್ತೆ ಹಿಡಿದು ಹೋದರೆ ಕುಣಿಗಲ್. ಜಿಲ್ಲೆ ತುಮಕೂರು ಆದರೂ ನಮ್ಮ ನೆರೆಯೂರೇ. ಟಿಪ್ಪು ಕಾಲದಿಂದಲೂ ಕುದುರೆಗೆ ಹೆಸರಾದ ಜಾಗ ಅದು. ಆಮೇಲೆ ರೇಸಿನ ಥರೋಬ್ರೆಡ್ ಕುದುರೆಗಳನ್ನು ಬೆಳೆಸುವ ಫಾರಂ ಆಗಿ ದೇಶಕ್ಕೆಲ್ಲ ಪರಿಚಯವಾಯಿತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ನಾವು ಹುಡುಗರೆಲ್ಲ ಅಲ್ಲಿಗೆ ಹೋಗಿದ್ದೆವು.

ಅಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಒಂದು ಲೆಕ್ಕ. ರೇಸಿನ ಕುದುರೆಯನ್ನು ಎರಡು ವರ್ಷಕ್ಕೇ ಓಟಕ್ಕೆ ಇಳಿಸ್ತಾರೆ. ಆದರೆ ಹೆಣ್ಣು ಕುದುರೆಯನ್ನು ಮರಿ ಪಡೆಯೋಕೆ ಬಳಸೋದು ಸಾಮಾನ್ಯವಾಗಿ ಅದು ಓಟ ಮುಗಿಸಿದ ಮೇಲೆ, ನಾಲ್ಕು ವರ್ಷ, ಅದಕ್ಕೂ ಮೇಲೆ. ಲಕ್ಷ ಲಕ್ಷ ಬೆಲೆಯ ಕುದುರೆ, ಬೇಗ ಮರಿ ಬಂದಷ್ಟೂ ಲಾಭ. ಆದರೂ ಕಾಯ್ತಾರೆ.

ಇನ್ನೊಂದು ವಿಷಯ. ಇಲ್ಲಿನ ರೇಸಿನ ಕುದುರೆಗಳಿಗೆಲ್ಲ ಹುಟ್ಟಿದ ಹಬ್ಬ ಜನವರಿ 1ಕ್ಕೇ. ಫೆಬ್ರವರಿಯಲ್ಲಿ ಹುಟ್ಟಲಿ, ಮೇನಲ್ಲಿ ಹುಟ್ಟಲಿ, ಮುಂದಿನ ಜನವರಿ 1ಕ್ಕೆ ಅದಕ್ಕೆ ಒಂದು ವರ್ಷ. ಹಾಗಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ಮರಿ ಹುಟ್ಟಲಿ ಅಂತ ಸಾಕುವವರು ಒದ್ದಾಡ್ತಾರೆ. ಲಾಯದಲ್ಲಿ ಸಂಜೆ ಮೇಲೆ ದೀಪ ಹಾಕಿ, ದಿನಕ್ಕೆ 16 ಗಂಟೆ ಬೆಳಕು ಕೊಟ್ಟು, ಚಳಿಗಾಲದಲ್ಲೇ ಬೆದೆ ಬರೋ ಹಾಗೆ ಮಾಡೋ ಪದ್ಧತಿ ಜಗತ್ತಿನ ಹಲವು ಕಡೆ ಇದೆ. ಬೆದೆಯನ್ನು ದೀಪ ಹಾಕಿ ಮುಂದಕ್ಕೆ ತರಬಹುದು. ಮೂಳೆಯನ್ನು ಯಾವ ದೀಪದಿಂದಲೂ ಬೇಗ ಬಲಿಸೋಕೆ ಆಗೋದಿಲ್ಲ.

ಗಂಡು ಮರಿ ವಿಷಯ

ಗಂಡು ಕುದುರೆಯಲ್ಲೂ 12ರಿಂದ 18 ತಿಂಗಳಿಗೆ ವೀರ್ಯ ಶುರುವಾಗುತ್ತೆ. ಎರಡು ವರ್ಷ ತುಂಬಿದ್ದನ್ನು ಅಪರೂಪಕ್ಕೆ ಬಳಸಬಹುದು, ಮೂರಕ್ಕೆ ಮಿತವಾಗಿ. ಪೂರ್ತಿ ಬೀಜದ ಕುದುರೆಯಾಗಿ ನಿಲ್ಲೋದು ನಾಲ್ಕೈದು ವರ್ಷಕ್ಕೆ. ಆದರೆ ಇಲ್ಲಿ ನಮ್ಮ ಕಡೆಯ ತೊಂದರೆ ಬೇರೆ. ಒಂದೇ ಕೊಟ್ಟಿಗೆಯಲ್ಲಿ ಗಂಡು ಮರಿ, ಹೆಣ್ಣು ಮರಿ, ತಾಯಿ ಎಲ್ಲ ಒಟ್ಟಿಗೆ ಕಟ್ಟಿರ್ತೀವಿ. 'ಅದಿನ್ನೂ ಮರಿ ಕಣ್ರೀ' ಅಂತ ಬಿಟ್ಟ ಗಂಡು, ಒಂದು ರಾತ್ರಿ ಹಗ್ಗ ಬಿಚ್ಚಿಕೊಂಡರೆ ಸಾಕು. ಅದು ತನ್ನ ತಂಗಿ ಅಂತಲೂ ನೋಡೋದಿಲ್ಲ, ತಾಯಿ ಅಂತಲೂ ನೋಡೋದಿಲ್ಲ. ಒಂದು ವರ್ಷ ತುಂಬೋ ಮುಂಚೆಯೇ ಗಂಡನ್ನು ಬೇರೆ ಕಟ್ಟಿ. ಬೀಜಕ್ಕೆ ಬೇಡ ಅಂದರೆ ಡಾಕ್ಟರ ಕೈಲಿ ಬೀಜ ತೆಗೆಸಿ. ಮೆರವಣಿಗೆಯಲ್ಲಿ ಪಟಾಕಿ, ತಮಟೆ ನಡುವೆ ನಡೆಯೋಕೂ ಅಂಥ ಕುದುರೆಯೇ ಸಮಾಧಾನಿ.

ನಾನು ಮಾಡಿದ ತಪ್ಪು

ಈಗ ನನ್ನ ಕಥೆ. ಕೆಲಸಕ್ಕೆ ಸೇರಿದ ಹೊಸದು. ಮಳವಳ್ಳಿ ಕಡೆ ಒಂದು ಹಳ್ಳಿ. ಒಬ್ಬ ಹೆಣ್ಣುಮಗಳು, ಗಂಡ ತೀರಿಹೋಗಿದ್ದರು, ಎರಡು ಮಕ್ಕಳು. ಅವರ ಹತ್ತಿರ ಇದ್ದದ್ದು ಒಂದು ಎಚ್‌ಎಫ್ ಮಿಶ್ರತಳಿಯ ಕಡಸು. ಡೇರಿಗೆ ಹಾಲು ಹಾಕಬೇಕು, ವಾರ ವಾರ ದುಡ್ಡು ಬರಬೇಕು ಅನ್ನೋ ಆಸೆ. ಅದು ಆಸೆ ಅಲ್ಲ, ಅವಶ್ಯಕತೆ.

"ಬುದ್ಧೀ, ಮೂರು ಸಲ ಬೆದೆಗೆ ಬಂದು ಹೋಯ್ತು. ಸೂಜಿ ಹಾಕ್ಬುಡಿ" ಅಂದರು. ಕಡಸಿಗೆ ಹನ್ನೆರಡು, ಹದಿಮೂರು ತಿಂಗಳು ಇರಬಹುದು. ನೋಡೋಕೆ ಲಕ್ಷಣವಾಗಿತ್ತು, ಕಾಲು ಉದ್ದ. ಸ್ವಲ್ಪ ಸಣ್ಣದು ಅಂತ ನನಗೆ ಅನ್ನಿಸಿತು. ಆದರೂ ಬೆದೆ ಚೆನ್ನಾಗಿತ್ತು, ಲೋಳೆ ಕನ್ನಡಿ ಹಾಗೆ ತಿಳಿಯಾಗಿತ್ತು, ಅವರ ಮುಖದಲ್ಲಿ ಅವಸರ ಇತ್ತು. ನಾನು ಅಳತೆ ಹಿಡಿಯಲಿಲ್ಲ. ಸೂಜಿ ಹಾಕಿ, ರಿಜಿಸ್ಟರ್‌ನಲ್ಲಿ ಬರೆದು ಬಂದುಬಿಟ್ಟೆ. ಮೊದಲ ಸಲಕ್ಕೇ ನಿಂತಿತು.

ಒಂಬತ್ತು ತಿಂಗಳಾದ ಮೇಲೆ ಒಂದು ಬೆಳಗಿನ ಜಾವ ಅವರ ಮಗ ಸೈಕಲ್‌ನಲ್ಲಿ ಬಂದ. ಹೋಗಿ ನೋಡಿದರೆ ಕರುವಿನ ಎರಡು ಕಾಲು ಹೊರಗೆ, ತಲೆ ಸೊಂಟದಲ್ಲಿ ಸಿಕ್ಕಿಕೊಂಡಿದೆ. ರಾತ್ರಿಯಿಂದ ಒದ್ದಾಡ್ತಾ ಇತ್ತಂತೆ. ಮೂರು ಜನ ಸೇರಿ ಎಳೆದು ತೆಗೆದೆವು. ಕರು ಆಗಲೇ ಸತ್ತಿತ್ತು. ಕಡಸಿನ ಸೊಂಟದೊಳಗಿನ ನರ ಜಜ್ಜಿಹೋಗಿತ್ತು, ಹಿಂಗಾಲು ಎರಡೂ ಅಗಲಕ್ಕೆ ಜಾರುತ್ತಿದ್ದವು. ಹುಲ್ಲು ಹಾಸಿ, ದಿನಕ್ಕೆರಡು ಸಲ ಮಗ್ಗುಲು ಬದಲಿಸಿ, ಗ್ಲೂಕೋಸ್ ಹಾಕಿ, ಏನು ಮಾಡಬೇಕೋ ಎಲ್ಲ ಮಾಡಿದೆ. ಅದು ಏಳಲಿಲ್ಲ. ಐದನೇ ದಿನ ಹೋಯಿತು.

ಆ ತಾಯಿ ಜಗಳ ಆಡಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಕೇಳಿದರು. "ನಂಗ್ ಗೊತ್ತಿರ್ನಿಲ್ಲ. ನಿಮ್ಗ್ ಗೊತ್ತಿತ್ತಲ್ವಾ ಬುದ್ಧೀ?"

ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಮಾರನೇ ವಾರ ಮಳವಳ್ಳಿ ಪೇಟೆಯಲ್ಲಿ ಒಂದು ಟೈಲರ್ ಟೇಪ್ ಕೊಂಡೆ. ನಿವೃತ್ತಿಯ ದಿನದ ತನಕ ಟೇಪ್ ಇಲ್ಲದೆ ನಾನು ಕಡಸಿಗೆ ಸೂಜಿ ಹಾಕಿದ್ದಿಲ್ಲ.

ಟೇಪ್ ಲೆಕ್ಕ

ಇದನ್ನು ಬರೆದಿಟ್ಟುಕೊಳ್ಳಿ, ಹಸು ಸಾಕುವವರಿಗೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಎಷ್ಟು ಇಂಚು ನೋಡಿ. ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಸೊಂಟದ ಮೂಳೆಯ ತನಕ ಉದ್ದ ಎಷ್ಟು ಇಂಚು ನೋಡಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬರೋದು ಕೆಜಿ ಲೆಕ್ಕದಲ್ಲಿ ಅಂದಾಜು ತೂಕ.

ಸುತ್ತಳತೆ 55, ಉದ್ದ 46 ಇದ್ದರೆ ತೂಕ ಸುಮಾರು 211 ಕೆಜಿ. ಮಿಶ್ರತಳಿ ಕಡಸಿಗೆ ಇದು ಸಾಲದು. ಸುತ್ತಳತೆ 60, ಉದ್ದ 48 ಇದ್ದರೆ ಸುಮಾರು 262 ಕೆಜಿ. ಈಗ ಸೂಜಿ ಹಾಕಿಸಬಹುದು. ಎರಡು ಕಡಸುಗಳ ನಡುವೆ ಕಣ್ಣಿಗೆ ಕಾಣೋ ವ್ಯತ್ಯಾಸ ಸುತ್ತಳತೆಯಲ್ಲಿ ಐದು ಇಂಚು, ಉದ್ದದಲ್ಲಿ ಎರಡು ಇಂಚು. ತೂಕದಲ್ಲಿ 50 ಕೆಜಿ! ಕಣ್ಣಳತೆ ನಂಬಬೇಡಿ ಅನ್ನೋದು ಇದಕ್ಕೇ.

ಹಳ್ಳಿಕಾರ್ ಆದರೆ ಅದರ ದಾರಿಯೇ ಬೇರೆ. ಅದು ನಿಧಾನಕ್ಕೆ ಬಲಿಯೋ ತಳಿ, ಬೆದೆಗೆ ಬರೋದೂ ತಡ, ಮೊದಲ ಸೂಲಿಗೆ ಮೂರು ವರ್ಷ ದಾಟುತ್ತೆ. 'ಮಿಶ್ರತಳಿ ಬೇಗ ಬಂತು, ನಮ್ದು ಯಾಕೆ ಬಂದಿಲ್ಲ' ಅಂತ ಇಂಜೆಕ್ಷನ್ ಕೊಡಿಸೋಕೆ ಓಡಬೇಡಿ. ಇನ್ನು ಮಳವಳ್ಳಿಯ ನಮ್ಮ ಬಂಡೂರು ಕುರಿ. ಹೆಣ್ಣು ಮರಿ ವರ್ಷದೊಳಗೇ ಬೆದೆಗೆ ಬರಬಹುದು. ಆದರೆ ದೊಡ್ಡ ಕುರಿಯ ತೂಕದ ಮೂರರಲ್ಲಿ ಎರಡು ಪಾಲು ಆಗೋ ತನಕ ಟಗರಿನಿಂದ ದೂರ ಇಡಿ. ಗಬ್ಬ ಐದೇ ತಿಂಗಳು, ಆತುರ ಬೇಕಿಲ್ಲ. ಹೆಚ್ಚಿನ ಮಾಹಿತಿ ಬೇಕಾದರೆ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರ ಇದೆ.

ಕುದುರೆಗೆ ಹಲ್ಲೇ ಜಾತಕ

ಮತ್ತೆ ಕುದುರೆಗೆ ಬರೋಣ. ನಮ್ಮ ಹಿರಿಯರು ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡದೆ ನೊಗಕ್ಕೆ ಹೂಡ್ತಿರಲಿಲ್ಲ. ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದೆ, ಇದು ಜಾತ್ರೆಯಲ್ಲಿ ಮಕ್ಕಳಿಗೂ ಗೊತ್ತಿರೋ ಲೆಕ್ಕ. ಕುದುರೆಗೂ ಅದೇ ಕೆಲಸಕ್ಕೆ ಬರುತ್ತೆ, ಸ್ವಲ್ಪ ವ್ಯತ್ಯಾಸ ಅಷ್ಟೇ. ದನಕ್ಕೆ ಮುಂದಿನ ಹಲ್ಲು ಕೆಳಗೆ ಮಾತ್ರ, ಎಂಟು. ಕುದುರೆಗೆ ಮೇಲೂ ಕೆಳಗೂ ಆರಾರು. ಹಾಲು ಹಲ್ಲು ಬಿದ್ದು ನಡುವಿನ ಎರಡು ಹಲ್ಲು ಬರೋದು ಎರಡೂವರೆ ವರ್ಷಕ್ಕೆ. ಅದರ ಪಕ್ಕದ್ದು ಸೇರಿ ನಾಲ್ಕಾಗೋದು ಮೂರೂವರೆಗೆ. ಆರೂ ಬರೋದು ನಾಲ್ಕೂವರೆಗೆ. ಐದಕ್ಕೆ ಬಾಯಿಗೂಡುತ್ತೆ.

ನನ್ನ ಸಲಹೆ ಇಷ್ಟು. ಮೂರು ವರ್ಷ ತುಂಬೋ ಮುಂಚೆ ಹೆಣ್ಣು ಕುದುರೆಗೆ ಗಂಡು ಬೇಡವೇ ಬೇಡ. ಕೆಳಗಿನ ದವಡೆಯಲ್ಲಿ ನಾಲ್ಕು ದೊಡ್ಡ ಹಲ್ಲು ಬರಲಿ. ಮೈ ತುಂಬಿರಲಿ, ಆದರೆ ಕೊಬ್ಬಿರಬಾರದು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಜಂತುಹುಳುವಿನ ಔಷಧಿ, ಧನುರ್ವಾಯು ಲಸಿಕೆ ಆಗಿರಲಿ. ಬೀಜದ ಕುದುರೆ ರಕ್ತಸಂಬಂಧದ್ದಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಗ್ಲ್ಯಾಂಡರ್ಸ್ ಕಾಯಿಲೆಯ ರಕ್ತಪರೀಕ್ಷೆ ಆಗಿದೆಯಾ ಅಂತ ಕೇಳಿ. ಅದು ಮನುಷ್ಯರಿಗೂ ಹರಡೋ ಕಾಯಿಲೆ, ನಾಚಿಕೆ ಪಟ್ಟುಕೊಳ್ಳಬೇಡಿ. ಗಬ್ಬವಾದ ಮೇಲೆ ಎರಡು ವಾರದ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸೋಕೆ ಆದರೆ ಮಾಡಿಸಿ. ಕುದುರೆಗೆ ಅವಳಿ ಆಗಿಬರೋದಿಲ್ಲ, ಬೇಗ ಗೊತ್ತಾದರೆ ದಾರಿ ಇದೆ. ಮರಿ ಹುಟ್ಟಿದ ಮೇಲೆ ಮೊದಲ ಕೆಲವು ಗಂಟೆಗಳಲ್ಲೇ ಗಿಣ್ಣು ಹಾಲು ಹೊಟ್ಟೆಗೆ ಬೀಳಬೇಕು. ರೋಗ ತಡೆಯೋ ಶಕ್ತಿ ಮರಿಗೆ ಬರೋದು ಅದರಿಂದಲೇ.

'ಪಕ್ಕದ ಊರಲ್ಲಿ ಎರಡು ವರ್ಷಕ್ಕೇ ಮರಿ ಹಾಕಿ ಚೆನ್ನಾಗಿದೆಯಲ್ಲ' ಅಂತ ಕೆಲವರು ಕೇಳ್ತಾರೆ. ಇರಬಹುದು. ಬದುಕಿದ್ದು ಎಲ್ಲರ ಬಾಯಲ್ಲೂ ಇರುತ್ತೆ. ಸತ್ತದ್ದನ್ನು ಯಾರೂ ಜಾತ್ರೆಯಲ್ಲಿ ಹೇಳ್ಕೊಂಡು ತಿರುಗೋದಿಲ್ಲ. ಲೆಕ್ಕ ಹಾಕಿ ನೋಡಿ: ಚೆನ್ನಾಗಿ ನೋಡಿಕೊಂಡ ಹೆಣ್ಣು ಕುದುರೆ ಹದಿನೈದು ವರ್ಷದ ತನಕವೂ ಮರಿ ಕೊಡಬಲ್ಲದು. ಎರಡು ವರ್ಷ ಕಾಯೋದರಿಂದ ನೀವು ಕಳ್ಕೊಳ್ಳೋದು ಹೆಚ್ಚೆಂದರೆ ಒಂದು ಮರಿ, ಎರಡು ಮರಿ. ಕಾಯದೇ ಇದ್ದರೆ ಕುದುರೆಯನ್ನೇ ಕಳ್ಕೊಳ್ಳಬಹುದು.

ಮದ್ದೂರಿನವರಿಗೆ ಮೊನ್ನೆ ಫೋನ್ ಮಾಡಿ ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅಲ್ಲೀಗಂಟ ಅದ್ಕೆ ಏನ್ ಕೆಲ್ಸ ಕೊಡದು ಡಾಕ್ಟ್ರೇ?" ಅಂದರು. ಒಳ್ಳೆ ಪ್ರಶ್ನೆ. ಭಾರ ಹೊರಿಸಬೇಡಿ. ಕೈಯಲ್ಲಿ ಹಿಡಿದು ನಡೆಸಿ, ತಮಟೆ ಸದ್ದಿಗೆ ದೂರದಿಂದ ಅಭ್ಯಾಸ ಮಾಡಿಸಿ, ಗೊರಸು ಎತ್ತಿಸಿಕೊಳ್ಳೋದು ಕಲಿಸಿ, ಬಯಲಲ್ಲಿ ಓಡಾಡೋಕೆ ಬಿಡಿ ಅಂದೆ. ಬೆಳೆಯೋದೂ ಒಂದು ಕೆಲಸವೇ, ಈಗ ಅದು ಆ ಕೆಲಸ ಮಾಡ್ತಾ ಇದೆ ಅಂತ ತಿಳ್ಕೊಳ್ಳಿ ಅಂದೆ. "ಆಯ್ತು, ಹಲ್ಲು ಬರ್ಲಿ, ಫೋನ್ ಮಾಡ್ತೀನಿ" ಅಂದರು.

ನಿಮ್ಮ ಕೊಟ್ಟಿಗೆಯಲ್ಲೂ ಇಂಥದ್ದೊಂದು ಕಡಸೋ, ಕುರಿಮರಿಯೋ ಬೆದೆಗೆ ಬಂದು ನಿಂತಿದ್ದರೆ, ಸೂಜಿಗೆ ಫೋನ್ ಮಾಡೋ ಮುಂಚೆ ಒಂದು ಸಲ ಟೇಪ್ ಹಿಡಿಯಿರಿ. ಡಾಕ್ಟರು ಬಂದಾಗಲೂ 'ತೂಕ ಸಾಕಾ ಸಾರ್?' ಅಂತ ಕೇಳಿ. ಕೇಳೋ ಹಕ್ಕು ನಿಮಗಿದೆ, ಹೇಳೋ ಜವಾಬ್ದಾರಿ ನಮಗಿದೆ.

ಮುಂದಿನ ವಾರ ಬೇಸಿಗೆಯಲ್ಲಿ ಎಮ್ಮೆಯ ಮೂಕಬೆದೆ ಕಂಡುಹಿಡಿಯೋದು ಹೇಗೆ ಅಂತ ಮಾತಾಡೋಣ.